ಕೋರ್ಸ್ ಮುಗಿಸಿದವರಿಗಷ್ಟೇ ಕೀಲಿ

“ಎರಡೇ ದಿನ ಸಾರ್! ಮೂರನೇ ದಿನ ಕೋರ್ಸ್ ರೆಡಿ ಇರದಿದ್ರೆ ನನ್ನ ಹೆಸರು ಬದಲಾಯಿಸಿಬಿಡಿ!”

ಲಿಫ್ಟ್ ಕಂಪನಿಯ ಯಜಮಾನರ ಕೋಣೆಯಲ್ಲಿ ಎದೆಯುಬ್ಬಿಸಿ ನಿಂತು ಮೇಷ್ಟ್ರು ಹೀಗೆ ಪಣ ತೊಟ್ಟರು. ಅವರ ನಿಜವಾದ ಹೆಸರನ್ನು ಕಂಪನಿಯಲ್ಲಿ ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ಈ ಪಣದಲ್ಲಿ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅವರು ಅಲ್ಲಿನ ತರಬೇತಿ ವಿಭಾಗದ ಮುಖ್ಯಸ್ಥರು. ವಿಭಾಗದಲ್ಲಿ ಇದ್ದವರೂ ಅವರೊಬ್ಬರೇ! ಕಂಪನಿ ಲಿಫ್ಟ್ ಕೂರಿಸಿದ ಕಟ್ಟಡಗಳ ಕಾವಲುಗಾರರನ್ನೆಲ್ಲ ಕರೆಸಿ, ಲಿಫ್ಟ್ ನಡುವೆ ನಿಂತುಹೋದರೆ ಒಳಗಿದ್ದವರನ್ನು ಹೇಗೆ ಹೊರಗೆ ತರಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ಪಾಠದ ನಡುವೆ ಯಾರಾದರೂ ಒಂದು ತಪ್ಪು ಉತ್ತರ ಹೇಳಿದರೋ, ಕಥೆ ಮುಗಿಯಿತು. “ಮೊದಲಿಂದ ಬರೋಣ!” ಎಂದು ಬೋರ್ಡು ಒರೆಸಿ ಇಡೀ ಪಾಠವನ್ನು ಅ ಆ ಇ ಈಯಿಂದ ಶುರು ಮಾಡುತ್ತಿದ್ದರು. ಕಾವಲುಗಾರರು ಅವರ ಕ್ಲಾಸಿಗೆ ಬರುವಾಗ ಎರಡು ಹೊತ್ತಿನ ಊಟ ಕಟ್ಟಿಸಿಕೊಂಡು ಬರುತ್ತಿದ್ದರು.

“ನೋಡಿ ಮೇಷ್ಟ್ರೇ,” ಎಂದರು ಯಜಮಾನರು. “ಕಟ್ಟಡಗಳು ಮುನ್ನೂರು ದಾಟಿದ್ವು. ಇನ್ನು ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಪಾಠ ಹೇಳೋ ಕಾಲ ಅಲ್ಲ. ಫೋನಲ್ಲೇ ಕೋರ್ಸ್ ಹೋಗ್ಬೇಕು. ಸುಮ್ನೆ ವಿಡಿಯೋ ನೋಡಿ ಆಕಳಿಸೋದಲ್ಲ, ನೋಡೋರು ಗುಂಡಿ ಒತ್ತಬೇಕು, ಪ್ರಶ್ನೆಗೆ ಉತ್ತರ ಕೊಡಬೇಕು. ನಿಮ್ಮ ಕೈಲಿ ಆಯ್ತಾ, ತರಬೇತಿ ವಿಭಾಗ ಉಳಿಯುತ್ತೆ. ಆಗ್ಲಿಲ್ವಾ, ಹೊರಗಿಂದ ರೆಡಿ ಕೋರ್ಸ್ ತರಿಸ್ತೀನಿ. ನೀವು ದೂರು ವಿಭಾಗಕ್ಕೆ ಹೋಗಿ ಫೋನ್ ಎತ್ತಿ.”

ದೂರು ವಿಭಾಗ! ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರ ಜನರ ಬೈಗುಳ ಕೇಳುವ ಜಾಗ. ಅಲ್ಲಿಗೆ ಹೋದವರ ಮುಖದಲ್ಲಿ ಆಮೇಲೆ ನಗು ಕಂಡವರಿಲ್ಲ. ಅಲ್ಲಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲೆಂದೇ ಮೇಷ್ಟ್ರ ಬಾಯಿಂದ ‘ಎರಡೇ ದಿನ’ ಎಂಬ ಮಾತು ಹೊರಬಿದ್ದದ್ದು.

ಅವರು ಮನೆಗೆ ಬಂದವರೇ ಊಟದ ಮೇಜನ್ನು ವಶಪಡಿಸಿಕೊಂಡರು. ಹೆಂಡತಿಗೆ ಹೊಲಿಗೆ ಕೆಲಸ. ಯಾವುದೋ ದೊಡ್ಡ ಸಭಾಂಗಣದ ಹದಿನೆಂಟು ಪರದೆಗಳನ್ನು ಹೊಲಿದುಕೊಡಲು ಒಪ್ಪಿಕೊಂಡು ಅದೇ ಮೇಜಿನ ಮೇಲೆ ಬಟ್ಟೆ ಹರಡಿಕೊಂಡಿದ್ದಳು.

“ಎರಡು ದಿನ ಅಷ್ಟೇ ಕಣೇ. ಆಮೇಲೆ ಮೇಜು ನಿಂದೇ.”

“ಎರಡೇ ದಿನ ಅಂತ ಬಾತ್‌ರೂಮಿನ ನಲ್ಲಿ ಬಿಚ್ಚಿದ್ರಲ್ಲ, ಅದಿನ್ನೂ ಬಕೆಟ್‌ನಲ್ಲಿ ಕೂತಿದೆ,” ಎಂದಳು ಆಕೆ, ಸೂಜಿಗೆ ದಾರ ಪೋಣಿಸುತ್ತ.

ಮೊದಲನೆಯ ದಿನ ಕೋರ್ಸಿನ ಹೆಸರು ಬರೆದದ್ದಾಯಿತು. ಎರಡನೆಯ ದಿನ ಹೆಸರಿಗೆ ಬಣ್ಣ ಹಚ್ಚಿದ್ದಾಯಿತು. ಮೂರನೆಯ ದಿನ ಮೇಷ್ಟ್ರಿಗೆ ಜ್ಞಾನೋದಯವಾಯಿತು! ಕ್ಲಾಸಿನಲ್ಲಾದರೆ ಬಾಯಿ ತೆರೆದರೆ ಸಾಕಿತ್ತು. ಇಲ್ಲಿ ಒಂದು ‘ನಮಸ್ಕಾರ’ ಹೇಳಬೇಕೆಂದರೂ ಅದನ್ನು ಬರೆಯಬೇಕು, ದನಿ ತುಂಬಬೇಕು, ಚಿತ್ರ ಹಾಕಬೇಕು, ಗುಂಡಿ ಇಡಬೇಕು, ಗುಂಡಿ ಒತ್ತಿದರೆ ಎಲ್ಲಿಗೆ ಹೋಗಬೇಕೆಂದು ಸಾಫ್ಟ್‌ವೇರಿನ ಕಿವಿಯಲ್ಲಿ ಹೇಳಬೇಕು. ಚಿತ್ರದ ಕಾವಲುಗಾರ ಕೈ ಎತ್ತಿ ಸೆಲ್ಯೂಟ್ ಹೊಡೆಯಲಿ ಎಂದು ಮೇಷ್ಟ್ರು ಇಡೀ ದಿನ ಗುದ್ದಾಡಿದರು. ಸಂಜೆಯ ಹೊತ್ತಿಗೆ ಕೈ ಎದ್ದಿತು, ಜೊತೆಗೆ ತಲೆಯೂ ಎದ್ದು ಮೇಲಕ್ಕೆ ಹಾರಿಹೋಯಿತು. ಒಂದು ನಿಮಿಷದ ಪಾಠಕ್ಕೆ ಒಂದು ದಿನದ ಕೂಲಿ! ಎರಡು ದಿನ ಎರಡು ವಾರವಾಯಿತು, ಎರಡು ವಾರ ಏಳು ವಾರವಾಯಿತು. ಯಜಮಾನರು ದಿನಕ್ಕೊಮ್ಮೆ ಫೋನ್ ಮಾಡಿ “ಹೊಸ ಹೆಸರು ಏನಿಡೋಣ ಮೇಷ್ಟ್ರೇ?” ಎಂದು ವಿಚಾರಿಸತೊಡಗಿದರು.

ಎಲ್ಲಕ್ಕಿಂತ ದೊಡ್ಡ ತಲೆನೋವೆಂದರೆ ದಾರಿಗಳು. ಕಾವಲುಗಾರ ಈ ಉತ್ತರ ಒತ್ತಿದರೆ ಈ ಸ್ಲೈಡು, ಆ ಉತ್ತರ ಒತ್ತಿದರೆ ಆ ಸ್ಲೈಡು. ಇವನ್ನೆಲ್ಲ ಚೀಟಿಗಳ ಮೇಲೆ ಬರೆದು ಮೇಷ್ಟ್ರು ನಡುಮನೆಯ ನೆಲದ ತುಂಬ ಜೋಡಿಸಿದರು. ಮೂರು ವಾರ ಆ ಮನೆಯಲ್ಲಿ ಫ್ಯಾನ್ ತಿರುಗಲಿಲ್ಲ. ನಾಲ್ಕನೆಯ ವಾರ ಸೆಕೆ ತಡೆಯಲಾರದೆ ಹೆಂಡತಿ ಸ್ವಿಚ್ ಒತ್ತಿದಳು. ಅರ್ಧ ಚೀಟಿಗಳು ಸೋಫಾದ ಅಡಿಗೆ ಸೇರಿದವು, ಉಳಿದರ್ಧ ಬಾಲ್ಕನಿಯಿಂದ ಹೊರಗೆ ಪ್ರವಾಸ ಹೊರಟವು.

“ಅಯ್ಯೋ, ನನ್ನ ತಪ್ಪು ಉತ್ತರಗಳೆಲ್ಲ ಹಾರಿಹೋದ್ವಲ್ಲೇ!”

“ಒಳ್ಳೇದೇ ಆಯ್ತು ಬಿಡಿ. ಸರಿ ಉತ್ತರ ಇದೆಯಲ್ಲ?”

ಮೇಷ್ಟ್ರು ಸ್ವಲ್ಪ ಹೊತ್ತು ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ ಅವರಿಗೆ ತಮ್ಮ ಹತ್ತೊಂಬತ್ತು ವರ್ಷದ ಪದ್ಧತಿ ನೆನಪಾಯಿತು. ತಪ್ಪು ಉತ್ತರಕ್ಕೆ ಬೇರೆ ಬೇರೆ ದಾರಿ ಯಾಕೆ? ಯಾವ ತಪ್ಪು ಒತ್ತಿದರೂ ಒಂದನೆಯ ಸ್ಲೈಡಿಗೆ ವಾಪಸ್! ದನಿ ಪೂರ್ತಿ ಮುಗಿಯುವವರೆಗೆ ‘ಮುಂದೆ’ ಎಂಬ ಗುಂಡಿಗೆ ಬೀಗ! ಯಾರೂ ಕಾಪಿ ಹೊಡೆಯಬಾರದೆಂದು ಪ್ರತಿ ಸಲವೂ ಉತ್ತರಗಳು ಇಸ್ಪೀಟಿನ ಎಲೆಗಳ ಹಾಗೆ ಕಲಸಿಕೊಂಡು ಬರಲಿ! ಎಲ್ಲವೂ ಸರಿಯಾದರೂ ಕೋರ್ಸು ನಲವತ್ತು ನಿಮಿಷ, ಪಾಸಾಗಲು ನೂರಕ್ಕೆ ನೂರು. ತಪ್ಪು ಮಾಡಿದವರ ಮನಸ್ಸು ನೋಯಬಾರದಲ್ಲ, ಅದಕ್ಕೆ “ಅಯ್ಯೋ, ಪರವಾಗಿಲ್ಲ! ಮೊದಲಿಂದ ಬರೋಣ!” ಎಂದು ನಗುನಗುತ್ತ ಹೇಳಿ ರೆಕಾರ್ಡ್ ಮಾಡಿಕೊಂಡರು. ಆ ನಗು ಸಹಜವಾಗಿ ಬರಲು ಮೂವತ್ತೊಂದು ಸಲ ಹೇಳಬೇಕಾಯಿತು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮೇಷ್ಟ್ರು ಯಜಮಾನರ ಮುಂದೆ ಇನ್ನೊಂದು ಮಹಾ ಯೋಜನೆಯನ್ನು ಇಟ್ಟರು. ಲಿಫ್ಟಿನ ಯಂತ್ರದ ಕೋಣೆಯ ಕೀಲಿ, ಬಾಗಿಲು ತೆಗೆಯುವ ತ್ರಿಕೋನದ ಕೀಲಿ ಎರಡನ್ನೂ ಕಾವಲುಗಾರರ ಸೊಂಟದಿಂದ ಬಿಡಿಸಿ, ಗೋಡೆಗೆ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿಡುವುದು. ಪೆಟ್ಟಿಗೆ ತೆರೆಯಲು ಒಂದು ನಂಬರು. ಕೋರ್ಸಿನಲ್ಲಿ ಪಾಸಾದ ಗಳಿಗೆಯಲ್ಲಷ್ಟೇ ಆ ನಂಬರು ಫೋನಿನ ಮೇಲೆ ಮೂಡುವುದು. ಒಬ್ಬೊಬ್ಬರಿಗೆ ಒಂದೊಂದು ನಂಬರು, ಅದು ಸ್ವತಃ ಮೇಷ್ಟ್ರಿಗೂ ತಿಳಿಯುವಂತಿಲ್ಲ!

“ಕೋರ್ಸ್ ಮುಗಿಸೋ ಮುಂಚೆನೇ ಯಾರಾದ್ರೂ ಸಿಕ್ಕಿಕೊಂಡ್ರೆ?” ಎಂದು ಯಜಮಾನರು ಕೇಳಿದ್ದರು.

“ಹಾಗೆಲ್ಲ ಆಗಲ್ಲ ಸಾರ್. ನಾನಿಲ್ವಾ?” ಎಂದಿದ್ದರು ಮೇಷ್ಟ್ರು.

ಪ್ರಯೋಗಕ್ಕೆಂದು ಆರಿಸಿದ್ದು ಮೇಷ್ಟ್ರು ಬಾಡಿಗೆಗಿದ್ದ ಐದು ಮಹಡಿಯ ಕಟ್ಟಡವನ್ನೇ. ಅಲ್ಲಿನ ಕಾವಲುಗಾರರನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ ಇಲ್ಲದೆ ತಮ್ಮ ಸ್ವಂತ ಮಾವನನ್ನೇ ನಡುದಾರಿಯಲ್ಲಿ ಇಳಿಸಿದವರೆಂದು ಪ್ರತೀತಿ. ಬರೆದದ್ದೇ ಕಾನೂನು ಎನ್ನುವ ಇಂಥ ಮನುಷ್ಯ ಸಿಕ್ಕಿದ್ದು ಪುಣ್ಯ ಎಂದುಕೊಂಡು ಮೇಷ್ಟ್ರು ಬುಧವಾರ ಸಂಜೆ ಅಜ್ಜನ ಕೀಲಿಗಳನ್ನು ತಾವೇ ಕಿತ್ತುಕೊಂಡು ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಯಜಮಾನರು ಖುದ್ದಾಗಿ ಬರುವವರಿದ್ದರು. ಅಜ್ಜ ಅವರೆದುರು ಕೋರ್ಸ್ ಮುಗಿಸಿ, ಪೆಟ್ಟಿಗೆ ತೆರೆದು ತೋರಿಸಿದರೆ ತರಬೇತಿ ವಿಭಾಗ ಉಳಿಯಿತು. ಇಲ್ಲದಿದ್ದರೆ ಶುಕ್ರವಾರದಿಂದ ಹೆಡ್‌ಫೋನ್.

ಗುರುವಾರ ಒಂಬತ್ತು ಗಂಟೆಗೆ ಕೊನೆಯ ಸಲ ಎಂದು ಕೋರ್ಸನ್ನು ಕೇಳಿಸಿಕೊಳ್ಳುತ್ತಿದ್ದ ಮೇಷ್ಟ್ರು ಫೋನನ್ನು ಕಿವಿಗೊತ್ತಿಕೊಂಡರು. ಮೂರನೆಯ ಸ್ಲೈಡಿನಲ್ಲಿ ಅವರದೇ ಗಂಭೀರ ದನಿ, “ನಮ್ಮ ಲಿಫ್ಟ್‌ಗಳು ಎಳ್ಳಷ್ಟೂ ಸದ್ದು ಮಾಡುವುದಿಲ್ಲ” ಎನ್ನುತ್ತಿದ್ದಂತೆ ಹಿಂದಿನಿಂದ ಕಟಕಟಕಟಕಟ! ಹೊಲಿಗೆ ಯಂತ್ರ!

“ನೋಡೇ, ನಿನ್ನ ಪರದೆ ನನ್ನ ಮಾನ ಕಳೀತು!”

“ಪರದೆ ಮಾನ ಮುಚ್ಚೋಕೆ ಇರೋದು. ನೀವು ಯಂತ್ರದ ಪಕ್ಕದಲ್ಲಿ ಕೂತು ಭಾಷಣ ಮಾಡಿದ್ರೆ ಅದು ತಾನೇ ಏನು ಮಾಡುತ್ತೆ?” ಎಂದಳು ಹೆಂಡತಿ. “ಇನ್ನು ನಾಲ್ಕು ಪರದೆ ಬಾಕಿ ಇದೆ, ನಾನು ನಿಲ್ಸಲ್ಲ. ಬಾತ್‌ರೂಮಿಗೆ ಹೋಗಿ ರೆಕಾರ್ಡ್ ಮಾಡ್ಕೊಳ್ಳಿ.”

ಬಾತ್‌ರೂಮಿನಲ್ಲಿ ನಲ್ಲಿ ಬಿಚ್ಚಿದ ಕೊಳವೆ ತೊಟ್ಟಿಕ್ಕುತ್ತಿತ್ತು, ಅದರ ಕಾರಣ ಈಗಾಗಲೇ ಹೇಳಿದೆ. ಮಲಗುವ ಕೋಣೆಯ ಮೇಲೆ ಯಾರೋ ಮಂಚ ಎಳೆಯುತ್ತಿದ್ದರು. ರಸ್ತೆಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗುತ್ತಿದ್ದ. ಸದ್ದಿಲ್ಲದ ಜಾಗ ಎಲ್ಲಿದೆ ಎಂದು ಯೋಚಿಸುತ್ತ ಮೆಟ್ಟಿಲ ಬಳಿಗೆ ಬಂದ ಮೇಷ್ಟ್ರ ಕಣ್ಣಿಗೆ ಲಿಫ್ಟ್ ಬಿತ್ತು. ಸುತ್ತ ಉಕ್ಕಿನ ಗೋಡೆ! ಒಳಗೆ ಸಿಗ್ನಲ್ ಕೂಡ ಬರುವುದಿಲ್ಲ, ಹಾಗಾಗಿ ಫೋನ್ ಬಂದು ಕೆಡಿಸುವ ಭಯವೂ ಇಲ್ಲ. ಯಾವ ಸ್ಟುಡಿಯೋಗೆ ಕಡಿಮೆ! ಮೇಷ್ಟ್ರು ಒಳಹೊಕ್ಕರು. ಯಾರಾದರೂ ನಡುವೆ ಕರೆದಾರು ಎಂದು ಎರಡು ಮತ್ತು ಮೂರನೆಯ ಮಹಡಿಗಳ ಮಧ್ಯೆ ಕೆಂಪು ಗುಂಡಿ ಒತ್ತಿ ಲಿಫ್ಟನ್ನು ನಿಲ್ಲಿಸಿದರು. ಫೋನಿನಲ್ಲಿ ರೆಕಾರ್ಡ್ ಒತ್ತಿ, ಗಂಟಲು ಸರಿಮಾಡಿಕೊಂಡು ಹೇಳಿದರು.

“ನಮ್ಮ ಲಿಫ್ಟ್‌ಗಳು ಎಳ್ಳಷ್ಟೂ ಸದ್ದು ಮಾಡುವುದಿಲ್ಲ.”

ಅದ್ಭುತವಾಗಿ ಬಂತು. ಮೇಷ್ಟ್ರು ಕೆಂಪು ಗುಂಡಿಯನ್ನು ಹೊರಗೆಳೆದು, ತಮ್ಮ ಮನೆಯಿದ್ದ ಮೂರನೆಯ ಮಹಡಿಯ ಗುಂಡಿ ಒತ್ತಿದರು. ಲಿಫ್ಟ್ ಒಂದು ಸಲ ನರಳಿ, ಅರ್ಧ ಮೊಳ ಮೇಲೇರಿ, ಢಬ್ ಎಂದು ನಿಂತಿತು. ಮತ್ತೆ ಒತ್ತಿದರು. ಎರಡು ಒತ್ತಿದರು, ಐದು ಒತ್ತಿದರು, ಎಲ್ಲವನ್ನೂ ಒಟ್ಟಿಗೆ ಒತ್ತಿದರು. ಏನೂ ಆಗಲಿಲ್ಲ. ಒಳಗಿದ್ದವರು ತಾವಾಗಿ ಹೊರಬರುವ ಸಾಹಸಕ್ಕೆ ಕೈಹಾಕಬಾರದು ಎಂದು ಹತ್ತೊಂಬತ್ತು ವರ್ಷ ಬೋಧಿಸಿದವರು ಬಾಗಿಲಿಗೆ ಭುಜ ಕೊಟ್ಟು ನೂಕಿದರು. ಅದೂ ಆಗಲಿಲ್ಲ. ಆಗ ಅವರಿಗೆ ಪೆಟ್ಟಿಗೆಯ ನೆನಪಾಯಿತು, ಪೆಟ್ಟಿಗೆಯೊಳಗಿನ ಕೀಲಿಯ ನೆನಪಾಯಿತು. ಗಂಟೆ ನೋಡಿದರು, ಒಂಬತ್ತು ಮುಕ್ಕಾಲು. ಬೆಲ್ ಒತ್ತಿ ಹಿಡಿದುಕೊಂಡರು.

ಲಿಫ್ಟಿನ ಬಾಗಿಲಿನಲ್ಲೂ ಮೂರನೆಯ ಮಹಡಿಯ ಬಾಗಿಲಿನ ಕೆಳಭಾಗದಲ್ಲೂ ಉದ್ದನೆಯ ಗಾಜಿನ ಕಿಂಡಿ ಇತ್ತು. ಒಳಗಿನಿಂದ ಮುಖವೆತ್ತಿ ನೋಡಿದರೆ ಅದರಲ್ಲಿ ಕಾಣುತ್ತಿದ್ದದ್ದು ಹೊರಗೆ ನಿಂತವರ ಪಾದಗಳು ಮಾತ್ರ. ಮೊದಲು ಹಸಿರು ಚಪ್ಪಲಿ ಬಂತು, ಅದು ಹೆಂಡತಿ. ಆಮೇಲೆ ಏದುಸಿರಿನೊಂದಿಗೆ ಕಪ್ಪು ಬೂಟು ಬಂತು, ಅದು ಅಜ್ಜ.

“ರೀ, ಒಳಗೇನು ಮಾಡ್ತಿದೀರಾ?”

“ರೆಕಾರ್ಡ್ ಮಾಡ್ತಿದ್ದೆ ಕಣೇ! ಸಿಕ್ಕಿಕೊಂಡೆ! ಅಜ್ಜಾ, ಬೇಗ ಬಾಗಿಲು ತೆಗೀರಿ!”

“ಕೀಲಿ ಪೆಟ್ಟಿಗೇಲಿದೆ ಸಾರ್. ನಿನ್ನೆ ನೀವೇ ತಗೊಂಡು ಹಾಕಿದ್ರಲ್ಲ.”

“ಪೆಟ್ಟಿಗೆ ಒಡೀರಿ!”

“ಕಂಪನಿ ಆಸ್ತಿ ಒಡೆಯೋಕಾಗಲ್ಲ ಸಾರ್.”

“ತಾಳಿ, ಕಂಪನಿಗೇ ಫೋನ್ ಮಾಡ್ತೀನಿ, ಮೆಕ್ಯಾನಿಕ್ ಬರ್ತಾನೆ,” ಎಂದಳು ಹೆಂಡತಿ.

“ಬೇಡ! ಬೇಡ್ವೇ ಬೇಡ!” ಮೇಷ್ಟ್ರು ಹುಯಿಲೆಬ್ಬಿಸಿದರು. ತರಬೇತಿ ವಿಭಾಗದ ಮುಖ್ಯಸ್ಥ ಲಿಫ್ಟಿನೊಳಗೆ ಸಿಕ್ಕಿಬಿದ್ದ ಸುದ್ದಿ ಕಂಪನಿಗೆ ತಲುಪಿದರೆ ಹನ್ನೊಂದರವರೆಗೂ ಕಾಯಬೇಕಿಲ್ಲ, ಹೆಡ್‌ಫೋನ್ ಈಗಲೇ ಕಿವಿಗೆ ಬಂದು ಕೂರುತ್ತದೆ. “ಅಜ್ಜಾ, ನಿಮ್ಮ ಫೋನಿಗೆ ನಿನ್ನೆನೇ ಲಿಂಕ್ ಕಳಿಸಿದೀನಿ. ಅದನ್ನ ಒತ್ತಿ. ಕೋರ್ಸ್ ಮುಗಿಸಿ. ನಂಬರ್ ಬರುತ್ತೆ. ನಲವತ್ತೇ ನಿಮಿಷ. ಯಜಮಾನರು ಬರೋ ಹೊತ್ತಿಗೆ ನಾನು ಆಚೆ ಇರ್ಬೇಕು!”

ಕಪ್ಪು ಬೂಟುಗಳು ಮೆಟ್ಟಿಲ ಮೇಲೆ ಕೂತವು. ಕನ್ನಡಕದ ಡಬ್ಬಿ ತೆರೆದ ಸದ್ದು ಕೇಳಿತು. ಆಮೇಲೆ ಇಡೀ ಮೆಟ್ಟಿಲ ಸಾಲು ಮೊಳಗುವಂತೆ ಮೇಷ್ಟ್ರದೇ ದನಿ ಹೊರಟಿತು. “ನಮಸ್ಕಾರ! ಲಿಫ್ಟ್ ಎಂಬ ಅದ್ಭುತ ಲೋಕಕ್ಕೆ ಸುಸ್ವಾಗತ! ಬನ್ನಿ, ಮೊದಲು ಹಗ್ಗ ಮತ್ತು ರಾಟೆಯ ಇತಿಹಾಸ ತಿಳಿಯೋಣ.”

“ಮುಂದಕ್ಕೆ ಹೋಗಿ ಅಜ್ಜಾ!”

“ಹೋಗ್ತಿಲ್ಲ ಸಾರ್. ‘ದನಿ ಮುಗಿಯುವವರೆಗೆ ತಾಳ್ಮೆಯಿರಲಿ’ ಅಂತ ಬರ್ತಾ ಇದೆ.”

ಹಗ್ಗ ಮತ್ತು ರಾಟೆಯ ಇತಿಹಾಸ ಏಳು ನಿಮಿಷ. ಈ ಏಳು ನಿಮಿಷಗಳನ್ನು ಬರೆಯಲು ಮೇಷ್ಟ್ರು ಏಳು ದಿನ ಗ್ರಂಥಾಲಯಕ್ಕೆ ಅಲೆದಿದ್ದರು. ಇಂಥ ಇತಿಹಾಸ ಯಾವ ಮೂರ್ಖನಿಗೆ ಬೇಕಿತ್ತೋ ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು. ಆಮೇಲೆ ಮೂರನೆಯ ಸ್ಲೈಡಿನ ಕಟಕಟ ಬಂತು, ಹೆಂಡತಿ ಕಿಸಕ್ಕನೆ ನಕ್ಕಳು. ಹತ್ತೂ ಹತ್ತಕ್ಕೆ ಒಂಬತ್ತನೆಯ ಸ್ಲೈಡು ತಲುಪಿತು. ಅಜ್ಜ ಪ್ರಶ್ನೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು.

“‘ಒಳಗೆ ಸಿಕ್ಕಿಕೊಂಡವರು ಗಾಬರಿಯಿಂದ, ಹೀಗೆ ಮಾಡಿ ಹಾಗೆ ಮಾಡಿ ಎಂದು ಕೂಗಿದರೆ ನೀವೇನು ಮಾಡಬೇಕು?’”

“ಮೂರನೇದು ಅಜ್ಜಾ! ಮೂರನೇದು ಒತ್ತಿ!” ಎಂದು ಮೇಷ್ಟ್ರು ಕೂಗಿದರು.

ಅಜ್ಜ ಮೂರನೆಯದನ್ನು ಒತ್ತಿದರು. ಮೂರನೆಯದು, ‘ಅವರು ಹೇಳಿದಂತೆಯೇ ಮಾಡಬೇಕು.’ ಉತ್ತರಗಳು ಪ್ರತಿ ಸಲ ಕಲಸಿಕೊಳ್ಳುತ್ತವೆ ಎಂಬುದನ್ನು ಕಲಸುವಂತೆ ಮಾಡಿದವರೇ ಮರೆತಿದ್ದರು!

“ಅಯ್ಯೋ, ಪರವಾಗಿಲ್ಲ! ಮೊದಲಿಂದ ಬರೋಣ!” ಎಂದಿತು ಫೋನು, ಉಲ್ಲಾಸದಿಂದ.

ಮೇಷ್ಟ್ರು ಹಣೆಯನ್ನು ಉಕ್ಕಿನ ಗೋಡೆಗೆ ಒತ್ತಿಕೊಂಡು ನಿಂತರು. ಹೊರಗೆ ಮತ್ತೆ ಹಗ್ಗ, ಮತ್ತೆ ರಾಟೆ. ಒಂಬತ್ತನೆಯ ಸ್ಲೈಡು ಮತ್ತೆ ಬರುವ ಹೊತ್ತಿಗೆ ಹತ್ತು ಮೂವತ್ತೈದು.

“ಅಜ್ಜಾ, ಈ ಸಲ ಒತ್ತೋ ಮುಂಚೆ ಉತ್ತರಗಳನ್ನ ಓದಿ ಹೇಳಿ, ನಾನು ಹೇಳ್ತೀನಿ—”

“ನೀವು ಸುಮ್ನಿರಿ ಸಾರ್. ಒಳಗಿರೋರ ಮಾತು ಕೇಳಬಾರದು ಅಂತ ಎಂಟನೇ ಸ್ಲೈಡಲ್ಲಿ ನೀವೇ ಹೇಳಿದೀರಾ. ನಿಮ್ಮ ಮಾತು ಕೇಳೇ ಒಂದ್ಸಲ ಹಾಳಾಯ್ತು.”

“ಆದ್ರೆ ಅದನ್ನ ಹೇಳಿದ್ದೇ ನಾನಲ್ವಾ!”

“ಅದನ್ನ ಹೇಳಿದ ಮೇಷ್ಟ್ರು ಫೋನೊಳಗಿದಾರೆ. ಗಾಬರಿ ಆಗಿಲ್ಲ ಅವರಿಗೆ,” ಎಂದರು ಅಜ್ಜ. ಯೋಚಿಸಿ ಒಂದು ಉತ್ತರ ಒತ್ತಿದರು. ಟಿಂಗ್ ಎಂಬ ಸದ್ದು ಬಂತು. “ರೈಟ್!” ಎಂದರು ಕಂಡಕ್ಟರ್ ದನಿಯಲ್ಲಿ.

ಹದಿಮೂರನೆಯ ಸ್ಲೈಡಿನಲ್ಲಿ ಬಂಡಿ ಮತ್ತೆ ನಿಂತಿತು. ಬಾಗಿಲು ತೆಗೆಯುವ ಮುನ್ನ ಏನೇನು ಮಾಡಬೇಕು ಎಂಬುದು ಪ್ರಶ್ನೆ. ಉತ್ತರಗಳು ಕಲಸಿಕೊಂಡು, ಕೊನೆಯಲ್ಲಿರಬೇಕಾದ ‘ಮೇಲಿನ ಎಲ್ಲವೂ’ ಎಂಬುದು ಎಲ್ಲಕ್ಕಿಂತ ಮೇಲೆ ಬಂದು ಕೂತಿತ್ತು.

“‘ಮೇಲಿನ ಎಲ್ಲವೂ’ ಅಂತಿದೆ. ಮೇಲೆ ಏನೂ ಇಲ್ವಲ್ಲ ಅಮ್ಮಾ?” ಎಂದರು ಅಜ್ಜ.

“ನೋಡೋಣ ಕೊಡಿ. ಮೇಲೆ ಕಂಪನಿ ಹೆಸರಿದೆ, ಬ್ಯಾಟರಿ ಗುರುತಿದೆ, ಟೈಮ್ ಇದೆ. ಟೈಮು ಹತ್ತು ನಲವತ್ತೊಂಬತ್ತು,” ಎಂದಳು ಹೆಂಡತಿ.

“ಅದೇ ಒತ್ತಿ! ಅದೇ ಸರಿ! ದಮ್ಮಯ್ಯ ಅಂತೀನಿ, ಅದನ್ನೇ ಒತ್ತಿ!”

“ಒಳಗಿರೋರು ಮತ್ತೆ ಕೂಗ್ತಿದಾರೆ,” ಎಂದು ಅಜ್ಜ ನಿಟ್ಟುಸಿರು ಬಿಟ್ಟು, ‘ಮುಖ್ಯ ಸ್ವಿಚ್ ಆರಿಸಬೇಕು’ ಎಂಬುದನ್ನು ಒತ್ತಿದರು. ನಿಯಮದ ಪ್ರಕಾರ ನೋಡಿದರೆ ಅದೂ ತಪ್ಪಲ್ಲ. ಆದರೆ ಕೋರ್ಸಿನ ಪ್ರಕಾರ ತಪ್ಪು.

“ಅಯ್ಯೋ, ಪರವಾಗಿಲ್ಲ! ಮೊದಲಿಂದ ಬರೋಣ!”

ಮೇಷ್ಟ್ರು ಬಾಗಿಲನ್ನು ಒದ್ದರು. ಕಾಲ್ಬೆರಳಿಗೆ ಪೆಟ್ಟಾಯಿತು, ಬಾಗಿಲಿಗೇನೂ ಆಗಲಿಲ್ಲ. ಅವರು ನೆಲದ ಮೇಲೆ ಕುಸಿದು ಕೂತು ಬೆರಳು ನೀವಿಕೊಳ್ಳುತ್ತಿದ್ದಂತೆ, ಗಾಜಿನ ಕಿಂಡಿಯಲ್ಲಿ ಹಸಿರು ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು. ಕಪ್ಪು ಬೂಟುಗಳು ತಟಕ್ಕನೆ ಎದ್ದು ಜೋಡಿಯಾಗಿ ನಿಂತವು. ಅವುಗಳ ನಡುವೆ, ಕನ್ನಡಿಯಂತೆ ಹೊಳೆಯುವ ಕಂದು ಬಣ್ಣದ ಒಂದು ಜೊತೆ ಬೂಟು ಬಂದು ನಿಂತಿತು. ಆ ಬೂಟುಗಳನ್ನು ಮೇಷ್ಟ್ರು ಹತ್ತೊಂಬತ್ತು ವರ್ಷಗಳಿಂದ ಬಲ್ಲರು. ಯಜಮಾನರ ಮುಂದೆ ತಲೆ ತಗ್ಗಿಸಿದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಅವೇ.

“ಏನಿದು? ಮೂರು ಮಹಡಿ ಹತ್ತಿ ಬಂದೆ. ಲಿಫ್ಟ್ ಯಾಕೆ ಕೆಲಸ ಮಾಡ್ತಿಲ್ಲ? ಮೇಷ್ಟ್ರೆಲ್ಲಿ?”

ಮೇಷ್ಟ್ರು ಕಿಂಡಿಯಿಂದ ಮೂಲೆಗೆ ಸರಿದರು. ಹೆಂಡತಿ ಏನಾದರೂ ಹೇಳಿ ಮಾನ ಉಳಿಸಿಯಾಳು ಎಂಬ ಆಸೆ ಒಂದು ಗಳಿಗೆ ಮಿಂಚಿತು.

“ಒಳಗಿದಾರೆ. ಸದ್ದಿಲ್ಲದ ಜಾಗ ಬೇಕಿತ್ತಂತೆ,” ಎಂದಳು ಹೆಂಡತಿ. ನಡೆದದ್ದನ್ನೆಲ್ಲ, ಕೆಂಪು ಗುಂಡಿಯಿಂದ ಹಿಡಿದು ಬಾಗಿಲು ಒದ್ದದ್ದರವರೆಗೆ, ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು.

ಕಂದು ಬೂಟುಗಳು ಬಾಗಿಲ ಹತ್ತಿರಕ್ಕೆ ಸರಿದವು.

“ಮೇಷ್ಟ್ರೇ,” ಎಂದರು ಯಜಮಾನರು.

“ಸಾರ್,” ಎಂದಿತು ಲಿಫ್ಟು.

“ಮೆಕ್ಯಾನಿಕ್ ಊರಾಚೆ ಕೆಲಸಕ್ಕೆ ಹೋಗಿದಾನೆ, ಬರೋಕೆ ಎರಡು ಗಂಟೆ ಆಗುತ್ತೆ. ಕೊಡ್ರಿ ಆ ಫೋನು, ನಾನೇ ಮುಗಿಸ್ತೀನಿ. ಲಿಫ್ಟ್ ವಿಷಯದಲ್ಲಿ ನನಗೆ ಬಾರದ ಪ್ರಶ್ನೆ ಯಾವುದಿದೆ?”

ಅಂಥ ಪ್ರಶ್ನೆ ಒಂದಿತ್ತು, ಅದು ಮೇಷ್ಟ್ರಿಗೆ ಗೊತ್ತಿತ್ತು. ಯಜಮಾನರನ್ನು ಸಂತೋಷಪಡಿಸಲೆಂದೇ ಅವರು ಆರನೆಯ ಸ್ಲೈಡಿನಲ್ಲಿ ಕಂಪನಿಯ ಕಥೆ ಹಾಕಿ, ಕಂಪನಿ ಕೂರಿಸಿದ ಮೊಟ್ಟಮೊದಲ ಲಿಫ್ಟ್ ಯಾವ ಕಟ್ಟಡದ್ದು ಎಂದು ಕೇಳಿದ್ದರು. ಹಳೆಯ ಕಡತ ತೆಗೆದು ನೋಡಿ, ಒಂದು ಬಟ್ಟೆ ಗೋದಾಮಿನದು ಎಂದು ಉತ್ತರ ಕೊಟ್ಟಿದ್ದರು. ಯಜಮಾನರಾದರೋ ಪ್ರತಿ ಸಭೆಯಲ್ಲೂ ಅದು ಒಂದು ದೊಡ್ಡ ಆಸ್ಪತ್ರೆಯದೆಂದು ಹೇಳುತ್ತ ಬಂದಿದ್ದರು!

ಹಗ್ಗ, ರಾಟೆ, ಕಟಕಟ ಎಲ್ಲವನ್ನೂ ಯಜಮಾನರು ನಿಂತೇ ಕೇಳಿದರು. ಕಂದು ಬೂಟಿನ ತುದಿ ನೆಲವನ್ನು ಕುಟ್ಟತೊಡಗಿತು. ಆರನೆಯ ಸ್ಲೈಡು ಬಂತು. ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡರು. ಮುಚ್ಚಿದ ಕಿವಿಯೊಳಕ್ಕೂ ತೂರಿಕೊಂಡು ಬಂತು ಆ ನಗುಮುಖದ ದನಿ.

“ಅಯ್ಯೋ, ಪರವಾಗಿಲ್ಲ! ಮೊದಲಿಂದ ಬರೋಣ!”

“ಏನ್ರೀ ಇದು? ನನ್ನ ಕಂಪನಿ ಕಥೆ ನನಗೇ ಗೊತ್ತಿಲ್ವಾ?” ಯಜಮಾನರ ದನಿ ಮೆಟ್ಟಿಲ ಸಾಲಿನಲ್ಲಿ ಐದೂ ಮಹಡಿಗೆ ಕೇಳಿತು. “ಆಸ್ಪತ್ರೇರೀ ಅದು, ಆಸ್ಪತ್ರೆ!”

ಒಳಗಿದ್ದ ಮೇಷ್ಟ್ರು, ದೂರು ವಿಭಾಗದಲ್ಲಿ ತಮ್ಮ ಕುರ್ಚಿ ಕಿಟಕಿಯ ಪಕ್ಕದಲ್ಲಿರಬಹುದೇ ಎಂದು ಯೋಚಿಸುತ್ತಿದ್ದರು.

ಅಜ್ಜ ಮೆಲ್ಲನೆ ಕೆಮ್ಮಿದರು. “ದೊಡ್ಡ ಸಾಹೇಬ್ರೇ, ಫೋನ್ ಇಲ್ಲಿ ಕೊಡಿ. ನಾನು ಹದಿಮೂರನೇ ಸ್ಲೈಡ್‌ವರೆಗೂ ಹೋಗಿ ಬಂದಿದೀನಿ. ದಾರಿ ಗೊತ್ತಾಗಿದೆ. ಎಲ್ಲರೂ ಬಾಯಿ ಮುಚ್ಕೊಂಡು ಕೂತ್ಕೊಂಡ್ರೆ ಗಾಡಿ ಸ್ಟ್ಯಾಂಡಿಗೆ ಹೋಗುತ್ತೆ.”

ಬಾಯಿ ಮುಚ್ಚಿಕೊಳ್ಳಿ ಎಂದು ಯಜಮಾನರಿಗೆ ಹೇಳಿದ ಮೊದಲ ಮನುಷ್ಯ ಅಜ್ಜ. ಯಜಮಾನರು ಮುಚ್ಚಿಕೊಂಡರು. ಹೆಂಡತಿ ಮನೆಯೊಳಗಿನಿಂದ ಒಂದು ಪರದೆ ತಂದು ಮೆಟ್ಟಿಲ ಮೇಲೆ ಕೂತು ಕೈಹೊಲಿಗೆ ಹಾಕತೊಡಗಿದಳು. ಅಜ್ಜ ಬೆರಳಿಟ್ಟು ಓದುತ್ತ, ಎಲ್ಲ ಉತ್ತರಗಳನ್ನೂ ಎರಡೆರಡು ಸಲ ನೋಡುತ್ತ, ಗೋದಾಮಿಗೆ “ರೈಟ್”, ಒಳಗಿರೋರ ಮಾತಿಗೆ “ರೈಟ್”, ಮೇಲಿನ ಎಲ್ಲವೂ ಎನ್ನುವುದಕ್ಕೂ “ರೈಟ್” ಎಂದು ಹೇಳಿಕೊಳ್ಳುತ್ತ ಸಾಗಿದರು. ಹನ್ನೊಂದು ಐವತ್ತೆರಡಕ್ಕೆ ಫೋನಿನಲ್ಲಿ ಚಪ್ಪಾಳೆಯ ಸದ್ದು ಮೊಳಗಿ ನಂಬರು ಮೂಡಿತು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು! ಆವರೆಗೆ ಯಂತ್ರದ ಕೋಣೆಯ ಹೊಸ್ತಿಲನ್ನೂ ತುಳಿಯದ ಮನುಷ್ಯ ಪೆಟ್ಟಿಗೆ ತೆರೆದು, ಮೇಲಕ್ಕೆ ಹೋಗಿ, ಮುಖ್ಯ ಸ್ವಿಚ್ ಆರಿಸಿ, ಬ್ರೇಕ್ ಸಡಿಲಿಸಿ, ಚಕ್ರವನ್ನು ಅಳತೆಯಾಗಿ ತಿರುಗಿಸಿ, ಲಿಫ್ಟನ್ನು ಎರಡನೆಯ ಮಹಡಿಗೆ ಸರಿಯಾಗಿ ಇಳಿಸಿದರು. ಕೆಳಗೆ ಬಂದು, ಬಾಗಿಲಿಗೆ ಕೀಲಿ ಹಾಕುವ ಮುನ್ನ, ಹದಿನೈದನೆಯ ಸ್ಲೈಡಿನಲ್ಲಿ ಹೇಳಿದಂತೆ “ಧೈರ್ಯವಾಗಿರಿ, ಸಹಾಯ ಬಂದಿದೆ” ಎಂದು ಮೂರು ಸಲ ನಿಧಾನವಾಗಿ ಹೇಳಿದರು. ಒಂದು ಸಲ ಸಾಕು ಎಂದು ಒಳಗಿನಿಂದ ಬಂದ ಕೂಗನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಷ್ಟ್ರು ಹೊರಬಂದರು. ಕೂದಲು ಕೆದರಿತ್ತು, ಅಂಗಿ ಬೆವರಿಗೆ ಅಂಟಿತ್ತು, ಒಂದು ಕಾಲು ಕುಂಟುತ್ತಿತ್ತು. ಹೆಂಡತಿ ಪರದೆಯ ಅಂಚಿನಿಂದಲೇ ಅವರ ಮುಖ ಒರೆಸಿದಳು. ಮೇಷ್ಟ್ರು ಕಂದು ಬೂಟುಗಳನ್ನು ನೋಡುತ್ತ ನಿಂತರು.

“ಸಾರ್, ನಾಳೆಯಿಂದ ದೂರು ವಿಭಾಗಕ್ಕೆ ಎಷ್ಟು ಗಂಟೆಗೆ ಬರ್ಲಿ?”

ಯಜಮಾನರು ಲಿಫ್ಟನ್ನು ನೋಡಿದರು, ಅಜ್ಜನನ್ನು ನೋಡಿದರು.

“ನೋಡಿ, ಕೋಪ ಎಷ್ಟು ಬಂದಿದೆ ಅಂತ ಹೇಳೋಕಾಗಲ್ಲ. ಆದ್ರೆ ಈ ಅಜ್ಜ ಯಾರ ಸಹಾಯನೂ ಇಲ್ದೆ, ಫೋನ್ ನೋಡಿ ಕಲ್ತು, ಒಬ್ಬ ಮನುಷ್ಯನ್ನ ಒಂದು ಗೀರೂ ಬೀಳದ ಹಾಗೆ ಆಚೆ ತಂದ್ರು. ಕಣ್ಣಾರೆ ಕಂಡೆ. ಆ ಹಗ್ಗ, ರಾಟೆ, ಮೊದಲಿಂದ ಬರೋದು ಎಲ್ಲಾ ಕಿತ್ತು ಬಿಸಾಕಿ. ಗೋದಾಮನ್ನಂತೂ ಮೊದಲು ತೆಗೀರಿ. ಒಂದು ಜೊತೆ ಕೀಲಿ ಅಜ್ಜನ ಸೊಂಟದಲ್ಲೇ ಇರ್ಲಿ. ಅಜ್ಜನ ಕೋರ್ಸ್ ಪೂರ್ತಿ ಆಯ್ತು ಅಂತ ಆಫೀಸಿನ ಕಂಪ್ಯೂಟರ್‌ಗೆ ಬಂದ್ರೆ, ತರಬೇತಿ ವಿಭಾಗ ಉಳೀತು ಅಂತ ತಿಳ್ಕೊಳ್ಳಿ.”

ಉಳಿಯಿತು! ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು. ಏಳು ವಾರದ ದುಡಿಮೆ ನೀರುಪಾಲಾಗಲಿಲ್ಲ ಎಂಬ ಸಂತೋಷಕ್ಕೆ ಕುಂಟುಕಾಲೂ ಹಗುರವಾಯಿತು. ತಲೆ ಎತ್ತಿದರು, ಎದೆಯೂ ತಾನಾಗಿ ಉಬ್ಬತೊಡಗಿತು.

“ಪೂರ್ತಿ ಆಗಿಲ್ಲ ಸಾಹೇಬ್ರೇ, ಇನ್ನೊಂದು ಪುಟ ಬಾಕಿ ಇದೆ,” ಎಂದರು ಅಜ್ಜ ಫೋನ್ ನೋಡುತ್ತ. “‘ರಕ್ಷಣೆಯ ವರದಿ’ ಅಂತಿದೆ. ಒಂದು ಗೆರೆ ಖಾಲಿ ಬಿಟ್ರೂ ಕೋರ್ಸ್ ಮುಗಿಯಲ್ವಂತೆ.” ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದುತ್ತ ತುಂಬಿಸತೊಡಗಿದರು. “ಲಿಫ್ಟ್ ನಿಲ್ಲಲು ಕಾರಣ, ಒಳಗಿದ್ದವರೇ ಕೆಂಪು ಗುಂಡಿ ಒತ್ತಿದರು. ಒಳಗಿದ್ದವರ ನಡವಳಿಕೆ, ಕೂಗಿದರು, ಒದ್ದರು, ಬೇಡವೆಂದರೂ ತಪ್ಪು ಉತ್ತರ ಹೇಳಿಕೊಟ್ಟರು. ಒಳಗಿದ್ದವರಿಗೆ ಲಿಫ್ಟ್ ಸುರಕ್ಷತೆಯ ತರಬೇತಿ ಆಗಿದೆಯೇ?”

ಅಜ್ಜ ಕನ್ನಡಕದ ಮೇಲಿಂದ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಯಜಮಾನರೂ ನೋಡಿದರು. ಅಜ್ಜ ಬೆರಳು ಚಾಚಿ ‘ಇಲ್ಲ’ ಎಂಬುದನ್ನು ಒತ್ತಿದರು.

“ಅಜ್ಜಾ! ಹತ್ತೊಂಬತ್ತು ವರ್ಷದಿಂದ ತರಬೇತಿ ಕೊಡ್ತಿರೋನು ನಾನು!”

“ಕೊಟ್ಟಿದೀರಾ ಅಂತ ಇದರಲ್ಲಿ ಕೇಳಿಲ್ಲ ಸಾರ್. ಆಗಿದೆಯಾ ಅಂತ ಕೇಳಿದೆ. ನಾನು ಕಣ್ಣಲ್ಲಿ ಕಂಡಿದ್ದು ಬರೀಬೇಕಲ್ಲ?” ಎಂದು ಅಜ್ಜ ಫೋನನ್ನು ಅವರ ಮುಂದೆ ಹಿಡಿದರು. “ಇಲ್ಲಿ ಒಳಗಿದ್ದವರ ಸಹಿ ಬೇಕಂತೆ. ‘ಮೇಲಿನದೆಲ್ಲ ಸತ್ಯ’ ಅಂತ.”

ಮೇಷ್ಟ್ರು ಯಜಮಾನರತ್ತ ನೋಡಿದರು. ಯಜಮಾನರು ಗಡಿಯಾರ ನೋಡಿಕೊಂಡರು. ಸಹಿ ಹಾಕದಿದ್ದರೆ ಕೋರ್ಸ್ ಮುಗಿಯುವುದಿಲ್ಲ. ಕೋರ್ಸ್ ಮುಗಿಯದಿದ್ದರೆ ವಿಭಾಗ ಉಳಿಯುವುದಿಲ್ಲ. ತರಬೇತಿ ವಿಭಾಗದ ಮುಖ್ಯಸ್ಥರು, ತಮಗೆ ತರಬೇತಿಯೇ ಆಗಿಲ್ಲವೆಂದು ಒಪ್ಪಿಕೊಂಡು, ತೋರುಬೆರಳಿನಿಂದ ಗಾಜಿನ ಮೇಲೆ ಸಹಿ ಗೀಚತೊಡಗಿದರು.

“ನೆಟ್ಟಗೆ ಹಾಕ್ರೀ,” ಎಂದಳು ಹೆಂಡತಿ, ದಾರವನ್ನು ಹಲ್ಲಿನಿಂದ ಕಡಿಯುತ್ತ. “ಸರಿಯಾಗಿ ಬರ್ಲಿಲ್ಲ ಅಂದ್ರೆ ಅಜ್ಜ ನಿಮ್ಮನ್ನ ಇನ್ನೊಂದ್ಸಲ ಒಳಗೆ ಕೂರಿಸ್ತಾರೆ.”